ಐಎನ್‌ಎಸ್ ಪನ್ವೇಲ್ ಮತ್ತು ಖುಲ್ನಾ ಸ್ವಪಕ್ಷೀಯ ವಾಯುದಾಳಿ (1971)

ಐಎನ್‌ಎಸ್ ಪನ್ವೇಲ್ ಭಾರತೀಯ ನೌಕಾಪಡೆಯ ಒಂದು ಚಿಕ್ಕ ಗಸ್ತು ದೋಣಿಯಾಗಿತ್ತು. 1971ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಇದು ಅಂದಿನ ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ ನದಿಮಾರ್ಗಗಳಲ್ಲಿ ಕಾರ್ಯಾಚರಣೆ ನಡೆಸಿತು. 1971ರ ಡಿಸೆಂಬರ್ 10ರಂದು ಖುಲ್ನಾ ನಗರದ ಸಮೀಪ, ಪನ್ವೇಲ್ ಜೊತೆಯಲ್ಲಿ ಸಾಗುತ್ತಿದ್ದ ಮುಕ್ತಿ ವಾಹಿನಿಯ ಪದ್ಮಾ ಮತ್ತು ಪಲಾಶ್ ಎಂಬ ಎರಡು ದೋಣಿಗಳ ಮೇಲೆ ಭಾರತೀಯ ವಾಯುಪಡೆಯ ವಿಮಾನಗಳು ಶತ್ರು ದೋಣಿಗಳೆಂದು ತಪ್ಪಾಗಿ ಭಾವಿಸಿ ದಾಳಿ ಮಾಡಿದವು. ಎರಡೂ ದೋಣಿಗಳು ನಾಶವಾದವು. ಪನ್ವೇಲ್ ಪಾರಾಯಿತು; ಅಷ್ಟೇ ಅಲ್ಲದೆ, ದಡದಿಂದ ಗುಂಡು ಹಾರುತ್ತಿದ್ದಾಗಲೇ ನೀರಿಗೆ ಬಿದ್ದವರನ್ನು ರಕ್ಷಿಸಿತು. ಯುದ್ಧದಲ್ಲಿ ಒಂದು ಸೇನೆಯ ಆಯುಧವು ತಿಳಿಯದೆ ತನ್ನದೇ ಪಕ್ಷದವರ ಮೇಲೆ ಪ್ರಯೋಗವಾಗುವುದನ್ನು ‘ಸ್ವಪಕ್ಷೀಯ ದಾಳಿ’ ಅಥವಾ ‘ಫ್ರೆಂಡ್ಲಿ ಫೈರ್’ ಎನ್ನುತ್ತಾರೆ. ಖುಲ್ನಾ ಘಟನೆಯು ಭಾರತದ ನೌಕಾ ಇತಿಹಾಸದಲ್ಲಿ ಇದರ ಪ್ರಮುಖ ಉದಾಹರಣೆಯಾಗಿದೆ.

ಹಿನ್ನೆಲೆ

1971ರ ಮಾರ್ಚ್ ಕೊನೆಯಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಸೇನಾ ದಮನ ಆರಂಭವಾದ ನಂತರ ಬಂಗಾಳಿ ಸೈನಿಕರು, ಪೊಲೀಸರು ಮತ್ತು ವಿದ್ಯಾರ್ಥಿಗಳು ಸೇರಿ ಮುಕ್ತಿ ವಾಹಿನಿಯನ್ನು ಕಟ್ಟಿದರು. ಅದೇ ಸಮಯದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಪಿಎನ್‌ಎಸ್ ಮ್ಯಾಂಗ್ರೊ ಫ್ರಾನ್ಸಿನ ತೂಲೋನ್ ಬಂದರಿನಲ್ಲಿತ್ತು. ಅದರಲ್ಲಿದ್ದ ಎಂಟು ಮಂದಿ ಬಂಗಾಳಿ ನಾವಿಕರು ತಪ್ಪಿಸಿಕೊಂಡು ಭಾರತವನ್ನು ಸೇರಿದರು. ಇವರ ಆಗಮನವು ಮುಕ್ತಿ ವಾಹಿನಿಗೆ ನೌಕಾ ವಿಭಾಗವೊಂದು ರೂಪುಗೊಳ್ಳಲು ನೆರವಾಯಿತು. ಪಶ್ಚಿಮ ಬಂಗಾಳದ ಪ್ಲಾಸಿಯಲ್ಲಿ ಬಂಗಾಳಿ ಯುವಕರಿಗೆ ಈಜು ಮತ್ತು ಸ್ಫೋಟಕಗಳ ತರಬೇತಿ ನೀಡಲಾಯಿತು. 1971ರ ಆಗಸ್ಟ್ ಮಧ್ಯಭಾಗದಲ್ಲಿ ಇವರು ಚಿತ್ತಗಾಂಗ್, ಮೊಂಗ್ಲಾ, ಚಾಂದ್‌ಪುರ ಮತ್ತು ನಾರಾಯಣಗಂಜ್ ಬಂದರುಗಳಲ್ಲಿ ಏಕಕಾಲದಲ್ಲಿ ಹಡಗುಗಳಿಗೆ ಸ್ಫೋಟಕಗಳನ್ನು ಅಂಟಿಸಿ ಹಾನಿಗೊಳಿಸಿದರು. ಈ ಕಾರ್ಯಾಚರಣೆಯನ್ನು ‘ಆಪರೇಷನ್ ಜಾಕ್‌ಪಾಟ್’ ಎಂದು ಕರೆಯಲಾಗುತ್ತದೆ.

ಈಜುಗಾರರ ದಾಳಿಯ ಜೊತೆಗೆ ನದಿಗಳಲ್ಲಿ ಸಂಚರಿಸಬಲ್ಲ ಶಸ್ತ್ರಸಜ್ಜಿತ ದೋಣಿಗಳ ಅಗತ್ಯವೂ ಇತ್ತು. ಇದಕ್ಕಾಗಿ ಕಲ್ಕತ್ತಾ ಬಂದರಿಗೆ ಸೇರಿದ್ದ ಎರಡು ದೋಣಿಗಳನ್ನು ಪರಿವರ್ತಿಸಿ, 40 ಮಿ.ಮೀ. ಬೋಫೋರ್ಸ್ ತುಪಾಕಿಗಳನ್ನು ಅಳವಡಿಸಲಾಯಿತು. ಇವೇ ಪದ್ಮಾ ಮತ್ತು ಪಲಾಶ್. ಇವುಗಳಲ್ಲಿ ಬಂಗಾಳಿ ನಾವಿಕರೊಂದಿಗೆ ಭಾರತೀಯ ನೌಕಾಪಡೆಯ ಅಧಿಕಾರಿಗಳು ಮತ್ತು ಸಿಬ್ಬಂದಿಯೂ ಇದ್ದರು. ಬಾಂಗ್ಲಾದೇಶದ ನೌಕಾಪಡೆಯು ಈ ಎರಡು ದೋಣಿಗಳನ್ನು ತನ್ನ ಮೊತ್ತಮೊದಲ ಯುದ್ಧನೌಕೆಗಳೆಂದು ಪರಿಗಣಿಸುತ್ತದೆ.

ಪನ್ವೇಲ್ ದೋಣಿಯ ಸ್ವರೂಪ

ಮಹಾರಾಷ್ಟ್ರದ ಪನ್ವೇಲ್ ಪಟ್ಟಣದ ಹೆಸರನ್ನು ಹೊತ್ತ ಈ ದೋಣಿಯು ಸೋವಿಯತ್ ಒಕ್ಕೂಟದಲ್ಲಿ ನಿರ್ಮಾಣವಾದ ‘ಪೊಲುಚಾಟ್’ ವರ್ಗಕ್ಕೆ ಸೇರಿತ್ತು. 1960ರ ದಶಕದ ಉತ್ತರಾರ್ಧದಲ್ಲಿ ಭಾರತವು ಈ ವರ್ಗದ ದೋಣಿಗಳನ್ನು ಪಡೆಯಿತು. ಇದರ ಉದ್ದ ಸುಮಾರು 30 ಮೀಟರ್; ತೂಕ 100 ಟನ್ನಿಗಿಂತ ಕಡಿಮೆ. ಮಲ್ಪೆ ಬಂದರಿನಲ್ಲಿ ಕಾಣುವ ಆಳಸಮುದ್ರದ ಟ್ರಾಲ್ ದೋಣಿಗಳಿಗಿಂತ ಇದು ಉದ್ದ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ಇರಿಸಲಾಗಿರುವ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯು ಸುಮಾರು 39 ಮೀಟರ್ ಉದ್ದವಿದೆ. ಅದನ್ನು ನೋಡಿದವರಿಗೆ ಅದಕ್ಕಿಂತಲೂ ಚಿಕ್ಕದಾದ ಪನ್ವೇಲ್ ದೋಣಿಯ ಗಾತ್ರವನ್ನು ಅಂದಾಜಿಸುವುದು ಸುಲಭ.

ಇಂತಹ ದೋಣಿಗಳಿಗೆ ದಪ್ಪ ಉಕ್ಕಿನ ಕವಚವಿರುವುದಿಲ್ಲ. ಎಂಜಿನ್, ಇಂಧನ ಮತ್ತು ಮದ್ದುಗುಂಡು ಎಲ್ಲವೂ ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿ ಇರುತ್ತವೆ. ಆದ್ದರಿಂದ ಮೇಲಿನಿಂದ ಬರುವ ಕೆಲವೇ ಗುಂಡುಗಳು ಇಂತಹ ದೋಣಿಯನ್ನು ನಾಶಮಾಡಲು ಸಾಕು.

ಫೋರ್ಸ್ ಆಲ್ಫಾ

1971ರ ಡಿಸೆಂಬರ್ 3ರಂದು ಯುದ್ಧವು ಬಹಿರಂಗವಾಗಿ ಆರಂಭವಾದ ಬಳಿಕ ಪದ್ಮಾ, ಪಲಾಶ್ ಮತ್ತು ಪನ್ವೇಲ್ ದೋಣಿಗಳನ್ನು ಒಗ್ಗೂಡಿಸಿ ‘ಫೋರ್ಸ್ ಆಲ್ಫಾ’ ಎಂಬ ಪುಟ್ಟ ಪಡೆಯನ್ನು ರಚಿಸಲಾಯಿತು. ಗಡಿ ಭದ್ರತಾ ಪಡೆಯ ಚಿತ್ರಾಂಗದಾ ಎಂಬ ದೋಣಿಯೂ ಇದನ್ನು ಸೇರಿತು. ಪಡೆಯ ನಾಯಕರಾಗಿದ್ದವರು ಕಮಾಂಡರ್ ಮೋಹನ್ ನಾರಾಯಣ ರಾವ್ ಸಾಮಂತ್. ಇವರು ಜಲಾಂತರ್ಗಾಮಿ ವಿಭಾಗದ ಅಧಿಕಾರಿಯಾಗಿದ್ದು, 1969ರಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಕರಂಜ್ ಜಲಾಂತರ್ಗಾಮಿಯ ಮೊದಲ ಕಮಾಂಡಿಂಗ್ ಅಧಿಕಾರಿಯಾಗಿದ್ದರು. ಮುಕ್ತಿ ವಾಹಿನಿಯ ನೌಕಾ ಕಾರ್ಯಾಚರಣೆಗಳನ್ನು ರೂಪಿಸುವ ಹೊಣೆಯನ್ನೂ ಹೊತ್ತಿದ್ದರು. ಪನ್ವೇಲ್ ದೋಣಿಯ ಕಮಾಂಡಿಂಗ್ ಅಧಿಕಾರಿ ಲೆಫ್ಟಿನೆಂಟ್ ಕಮಾಂಡರ್ ಜೋಸೆಫ್ ಪಯಸ್ ಆಲ್ಫ್ರೆಡ್ ನೊರೊನ್ಹಾ.

ಪಡೆಯ ಮಾರ್ಗವು ಸುಂದರಬನದ ಮೂಲಕ ಸಾಗುತ್ತಿತ್ತು. ಈ ಪ್ರದೇಶದ ನದಿಗಳು ಸಮುದ್ರವನ್ನು ಸೇರುವ ಮುನ್ನ ನೂರಾರು ಕವಲುಗಳಾಗಿ ಒಡೆಯುತ್ತವೆ. ಉಬ್ಬರ ಇಳಿತಗಳಿಗೆ ತಕ್ಕಂತೆ ನೀರಿನ ಆಳವೂ ಸೆಳೆತದ ದಿಕ್ಕೂ ಬದಲಾಗುತ್ತವೆ. ಕರ್ನಾಟಕದ ಕರಾವಳಿಯ ಅಳಿವೆಗಳಲ್ಲಿ ಮರಳ ದಿಣ್ಣೆಗಳು ಜಾಗ ಬದಲಿಸುವುದನ್ನು ಮೀನುಗಾರರು ಬಲ್ಲರು; ಗಂಗಾ ಬಯಲಿನ ಮುಖಜಭೂಮಿಯಲ್ಲಿ ಇದೇ ಸಮಸ್ಯೆ ಬಹಳ ದೊಡ್ಡ ಪ್ರಮಾಣದಲ್ಲಿದೆ. ಅಪರಿಚಿತವಾದ ಈ ಜಲಮಾರ್ಗದಲ್ಲಿ ಪಡೆಯನ್ನು ನಡೆಸಿದ್ದೇ ಒಂದು ಸಾಹಸವಾಗಿತ್ತು.

ಡಿಸೆಂಬರ್ 10ರ ಬೆಳಿಗ್ಗೆ ಪಡೆಯು ಪಶುರ್ ನದಿಯ ದಂಡೆಯಲ್ಲಿರುವ ಮೊಂಗ್ಲಾ ಬಂದರನ್ನು ಪ್ರವೇಶಿಸಿತು. ಅಲ್ಲಿಂದ ಚಿತ್ರಾಂಗದಾ ಮುಂದೆ ಸಾಗಲಿಲ್ಲ. ಉಳಿದ ಮೂರು ದೋಣಿಗಳು ನದಿಯಲ್ಲಿ ಮೇಲಕ್ಕೆ, ಖುಲ್ನಾ ನಗರದ ಕಡೆಗೆ ಹೊರಟವು. ಖುಲ್ನಾದಲ್ಲಿ ಪಾಕಿಸ್ತಾನದ ನೌಕಾನೆಲೆಯಾದ ಪಿಎನ್‌ಎಸ್ ತಿತುಮೀರ್ ಇತ್ತು. ಅದು ಈ ಪ್ರಯಾಣದ ಗುರಿಯಾಗಿತ್ತು.

ದಾಳಿ

ಮಧ್ಯಾಹ್ನದ ಹೊತ್ತಿಗೆ ದೋಣಿಗಳು ಖುಲ್ನಾ ಹಡಗುಕಟ್ಟೆಯ ಸಮೀಪಕ್ಕೆ ಬಂದಾಗ ಆಕಾಶದಲ್ಲಿ ಮೂರು ವಿಮಾನಗಳು ಕಾಣಿಸಿಕೊಂಡವು. ಮುಕ್ತಿ ವಾಹಿನಿಯ ದೋಣಿಗಳಿಂದ ಗುಂಡು ಹಾರಿಸಲು ಅನುಮತಿ ಕೇಳಲಾಯಿತು. ವಿಮಾನಗಳು ಭಾರತದವೆಂದು ಗುರುತಿಸಿದ್ದ ಸಾಮಂತ್ ಅನುಮತಿ ನೀಡಲಿಲ್ಲ. ದೋಣಿಗಳು ಸ್ವಪಕ್ಷದವೆಂದು ವಿಮಾನಚಾಲಕರಿಗೆ ತಿಳಿಯುವಂತೆ ಅವುಗಳ ಮೇಲ್ಭಾಗದಲ್ಲಿ ಹಳದಿ ಬಣ್ಣದ ಗುರುತನ್ನು ಮುಂಚಿತವಾಗಿಯೇ ಹಾಕಲಾಗಿತ್ತು.

ಆದರೆ ವಿಮಾನಗಳು ತಿರುಗಿ ಕೆಳಗಿಳಿದು ದಾಳಿ ನಡೆಸಿದವು. ಮೊದಲು ಪದ್ಮಾ ಹೊಡೆತಕ್ಕೆ ಸಿಕ್ಕಿತು; ಬಳಿಕ ಪಲಾಶ್ ಬೆಂಕಿಗೆ ಆಹುತಿಯಾಯಿತು. ಎರಡೂ ದೋಣಿಗಳ ನಾವಿಕರು ನದಿಗೆ ಹಾರಬೇಕಾಯಿತು. ಅದೇ ಸಾಲಿನಲ್ಲಿದ್ದ ಪನ್ವೇಲ್ ಮಾತ್ರ ತೇಲುತ್ತ ಉಳಿಯಿತು.

ದಾಳಿ ಮಾಡಿದ ವಿಮಾನಗಳು ‘ನ್ಯಾಟ್’ ಮಾದರಿಯವು ಎಂದು ನೌಕಾಪಡೆಯ ವೃತ್ತಾಂತಗಳು ಹೇಳುತ್ತವೆ. ಬ್ರಿಟನ್ನಿನಲ್ಲಿ ವಿನ್ಯಾಸಗೊಂಡ ಈ ಹಗುರ ಯುದ್ಧವಿಮಾನವನ್ನು ಪರವಾನಗಿಯ ಮೇಲೆ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಿಸಲಾಗುತ್ತಿತ್ತು. ಎರಡು 30 ಮಿ.ಮೀ. ತುಪಾಕಿಗಳು ಇದರ ಮುಖ್ಯ ಆಯುಧ. 1965 ಮತ್ತು 1971ರ ಯುದ್ಧಗಳಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿದ್ದರಿಂದ ನ್ಯಾಟ್ ದೇಶದಲ್ಲಿ ಮನೆಮಾತಾಗಿತ್ತು.

ರಕ್ಷಣಾ ಕಾರ್ಯ

ನೀರಿಗೆ ಬಿದ್ದವರಿಗೆ ಅಪಾಯವು ಅಲ್ಲಿಗೇ ಮುಗಿಯಲಿಲ್ಲ. ಖುಲ್ನಾ ಅಂದು ಪಾಕಿಸ್ತಾನಿ ಸೇನೆಯ ವಶದಲ್ಲಿತ್ತು. ಈಜುತ್ತಿದ್ದವರ ಮೇಲೆ ದಡದ ಠಾಣೆಗಳಿಂದ ಗುಂಡಿನ ಸುರಿಮಳೆಯಾಯಿತು. ಪನ್ವೇಲ್ ದೋಣಿಗೆ ತಕ್ಷಣವೇ ಹಿಂದಿರುಗಿ ಪಾರಾಗುವ ಅವಕಾಶವಿತ್ತು. ಸಾಮಂತ್ ಮತ್ತು ನೊರೊನ್ಹಾ ಹಾಗೆ ಮಾಡಲಿಲ್ಲ. ದಡದ ಗುಂಡಿಗೆ ಉತ್ತರಿಸುತ್ತ, ಬದುಕುಳಿದವರನ್ನು ನೀರಿನಿಂದ ಮೇಲೆತ್ತಿಕೊಂಡ ಬಳಿಕವೇ ಪನ್ವೇಲ್ ಅಲ್ಲಿಂದ ಹೊರಟಿತು.

ಮುಳುಗಿದ ದೋಣಿಯಲ್ಲಿದ್ದ ಭಾರತೀಯ ನೌಕಾಪಡೆಯ ಲೀಡಿಂಗ್ ಸೀಮನ್ ಚಿಮನ್ ಸಿಂಗ್ ತಾವು ಗಾಯಗೊಂಡಿದ್ದರೂ ಸಂಗಡಿಗರಿಬ್ಬರನ್ನು ದಡ ಸೇರಿಸಿದರು. ದಡದಲ್ಲಿ ಶತ್ರುವಿನ ಗುಂಡನ್ನು ತಮ್ಮ ಕಡೆಗೆ ಸೆಳೆದುಕೊಂಡು ಆ ಇಬ್ಬರಿಗೆ ತಪ್ಪಿಸಿಕೊಳ್ಳಲು ಅವಕಾಶ ಮಾಡಿಕೊಟ್ಟರು. ಅವರು ಸೆರೆ ಸಿಕ್ಕಿ, ಬಾಂಗ್ಲಾದೇಶದ ವಿಮೋಚನೆಯ ನಂತರ ಬಿಡುಗಡೆಗೊಂಡರು.

ಮೊಹಮ್ಮದ್ ರೂಹುಲ್ ಅಮೀನ್

ಪಲಾಶ್ ದೋಣಿಯ ಎಂಜಿನ್ ಕೋಣೆಯ ಹೊಣೆ ಹೊತ್ತಿದ್ದವರು ಮೊಹಮ್ಮದ್ ರೂಹುಲ್ ಅಮೀನ್. ನೊವಾಖಾಲಿ ಜಿಲ್ಲೆಯಲ್ಲಿ ಹುಟ್ಟಿದ ಇವರು 1953ರಲ್ಲಿ ಪಾಕಿಸ್ತಾನದ ನೌಕಾಪಡೆಯನ್ನು ಸೇರಿದ್ದರು. 1971ರಲ್ಲಿ ಚಿತ್ತಗಾಂಗ್‌ನ ನೆಲೆಯಿಂದ ತಪ್ಪಿಸಿಕೊಂಡು ತ್ರಿಪುರಾಕ್ಕೆ ಬಂದು ಮುಕ್ತಿ ವಾಹಿನಿಯಲ್ಲಿ ಸೇವೆಗೆ ನಿಂತರು. ದಾಳಿಯ ವೇಳೆ ದೋಣಿಯನ್ನು ತೊರೆಯುವಂತೆ ಆದೇಶವಾದರೂ ಅವರು ಒಪ್ಪದೆ ಎಂಜಿನ್ನನ್ನು ನಡೆಸಿ ದೋಣಿಯನ್ನು ಉಳಿಸಲು ಯತ್ನಿಸಿದರೆಂದು ಬಾಂಗ್ಲಾದೇಶದ ಇತಿಹಾಸಕಾರರು ದಾಖಲಿಸಿದ್ದಾರೆ. ದೋಣಿಗೆ ಹೊಡೆತ ಬಿದ್ದ ಬಳಿಕ ಗಾಯಗೊಂಡ ಅವರು ಈಜಿ ದಡ ಸೇರಿದರು. ಅಲ್ಲಿ ಪಾಕಿಸ್ತಾನಿ ಸೇನೆಗೆ ನೆರವಾಗುತ್ತಿದ್ದ ರಜಾಕಾರರು ಅವರನ್ನು ಕೊಂದರು.

ಬಾಂಗ್ಲಾದೇಶವು ಅವರಿಗೆ ತನ್ನ ಅತ್ಯುನ್ನತ ಶೌರ್ಯ ಪದವಿಯಾದ ‘ಬೀರ್ ಶ್ರೇಷ್ಠ’ವನ್ನು ಮರಣೋತ್ತರವಾಗಿ ನೀಡಿತು. ಈ ಪದವಿ ಪಡೆದವರು ಒಟ್ಟು ಏಳು ಮಂದಿ ಮಾತ್ರ. ಅವರಲ್ಲಿ ನೌಕಾಪಡೆಗೆ ಸೇರಿದವರು ಇವರೊಬ್ಬರೇ. ಅವರ ಸಮಾಧಿಯು ಖುಲ್ನಾದ ಎದುರು ದಡದಲ್ಲಿ, ರೂಪ್ಸಾ ನದಿಯ ಪಕ್ಕದಲ್ಲಿದೆ. ಅದೇ ದಿನ ಮಡಿದ ಮತ್ತೊಬ್ಬ ನಾವಿಕ, ‘ಬೀರ್ ಬಿಕ್ರಮ್’ ಪುರಸ್ಕೃತ ಮೊಹಿಬುಲ್ಲಾ ಅವರ ಸಮಾಧಿಯೂ ಅಲ್ಲಿಯೇ ಇದೆ.

ತಪ್ಪು ಗುರುತಿಗೆ ಕಾರಣವಾಗುವ ಅಂಶಗಳು

ಗುರುತಿನ ಚಿಹ್ನೆಯಿದ್ದೂ ದಾಳಿ ನಡೆದುದೇ ಈ ಘಟನೆಯಿಂದ ಕಲಿಯಬೇಕಾದ ಮುಖ್ಯ ಪಾಠ. ಮೊದಲೇ ಒಪ್ಪಿಕೊಂಡ ಗುರುತು ಅಗತ್ಯವಾದದ್ದು. ಆದರೆ ಅದೊಂದೇ ರಕ್ಷಣೆಯಾಗಲಾರದು. ಇಂತಹ ಪ್ರಮಾದಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಅಂಶಗಳು ಕೆಲಸ ಮಾಡುತ್ತವೆ.

ವೇಗ: ಗಂಟೆಗೆ 700 ಕಿ.ಮೀ. ವೇಗದ ವಿಮಾನವು ಸೆಕೆಂಡಿಗೆ ಸುಮಾರು 195 ಮೀಟರ್ ಕ್ರಮಿಸುತ್ತದೆ. ಎರಡು ಕಿ.ಮೀ. ದೂರದಿಂದ ಗುರಿಯ ಕಡೆಗೆ ತಿರುಗಿದ ಚಾಲಕನಿಗೆ ನೋಡಿ, ಗುರುತಿಸಿ, ನಿರ್ಧರಿಸಲು ದೊರೆಯುವುದು ಸುಮಾರು ಹತ್ತು ಸೆಕೆಂಡು ಮಾತ್ರ.

ನೋಟದ ಕೋನ: ದೋಣಿಯ ಮೇಲ್ಭಾಗದಲ್ಲಿರುವ ಗುರುತು ನೇರ ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತದೆ. ಕಡಿಮೆ ಎತ್ತರದಲ್ಲಿ ಓರೆಯಾಗಿ ಎರಗುವ ಚಾಲಕನಿಗೆ ಹೆಚ್ಚಾಗಿ ಕಾಣುವುದು ದೋಣಿಯ ಪಕ್ಕ. ಹೊಗೆ, ಮಂಜು ಮತ್ತು ನೀರಿನ ಮೇಲಿನ ಬಿಸಿಲಿನ ಪ್ರತಿಫಲನ ಈ ತೊಡಕನ್ನು ಹೆಚ್ಚಿಸುತ್ತವೆ.

ನಿರೀಕ್ಷೆ: ಮನುಷ್ಯನ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಕಾಣಲು ಒಲಿಯುತ್ತದೆ. ಡಿಸೆಂಬರ್ ಮೊದಲ ವಾರದಿಂದಲೇ ವಾಯುಪಡೆಯ ವಿಮಾನಗಳೂ ವಿಮಾನವಾಹಕ ನೌಕೆ ವಿಕ್ರಾಂತದ ವಿಮಾನಗಳೂ ಪೂರ್ವ ಪಾಕಿಸ್ತಾನದ ಬಂದರುಗಳಲ್ಲಿದ್ದ ಮತ್ತು ನದಿಗಳಲ್ಲಿ ಸಂಚರಿಸುತ್ತಿದ್ದ ಶತ್ರು ದೋಣಿಗಳ ಮೇಲೆ ದಾಳಿ ನಡೆಸುತ್ತಿದ್ದವು. ಶತ್ರುವಿನ ವಶದಲ್ಲಿದ್ದ ನಗರದ ಮುಂದೆ ಕಾಣುವ ತುಪಾಕಿಯುಳ್ಳ ದೋಣಿ ಶತ್ರುವಿನದೇ ಎಂದು ತೋರುವುದು ಅಸಹಜವಲ್ಲ. ಪದ್ಮಾ ಮತ್ತು ಪಲಾಶ್ ಪರಿವರ್ತಿತ ದೋಣಿಗಳಾಗಿದ್ದು, ಪರಿಚಿತ ಯುದ್ಧನೌಕೆಗಳ ಆಕಾರವನ್ನು ಹೊಂದಿರಲಿಲ್ಲ.

ಮಾಹಿತಿಯ ಹರಿವು: ನೌಕಾಪಡೆ, ಭೂಸೇನೆ ಮತ್ತು ವಾಯುಪಡೆ ಮೂರೂ ಒಂದೇ ಪ್ರದೇಶದಲ್ಲಿ ಹೋರಾಡುವಾಗ, ಯಾರು ಯಾವ ಗಳಿಗೆಯಲ್ಲಿ ಎಲ್ಲಿದ್ದಾರೆ ಎಂಬ ಸುದ್ದಿಯು ಕೇಂದ್ರ ಕಚೇರಿಯಿಂದ ವಿಮಾನದಲ್ಲಿ ಕುಳಿತ ಚಾಲಕನವರೆಗೆ ತಲುಪಬೇಕು. ಮುನ್ನಡೆ ಎಷ್ಟು ವೇಗವಾಗಿರುತ್ತದೆಯೋ ಈ ಸುದ್ದಿ ಅಷ್ಟೇ ಬೇಗ ಹಳತಾಗುತ್ತದೆ. ಫೋರ್ಸ್ ಆಲ್ಫಾ ಬೆಳಿಗ್ಗೆ ಮೊಂಗ್ಲಾದಲ್ಲಿದ್ದು ಮಧ್ಯಾಹ್ನಕ್ಕೆ ಖುಲ್ನಾದ ಹೊಸ್ತಿಲಲ್ಲಿತ್ತು.

ಇಂತಹ ಇತರ ಘಟನೆಗಳು

ಇದೇ ಯುದ್ಧದಲ್ಲಿ ಇಂತಹ ಪ್ರಮಾದ ಎದುರು ಪಕ್ಷದಲ್ಲಿಯೂ ನಡೆಯಿತು. ಡಿಸೆಂಬರ್ 4ರ ರಾತ್ರಿ ಭಾರತದ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ನಡೆಸಿದ ದಾಳಿಯಿಂದ ಪಾಕಿಸ್ತಾನವು ತೀವ್ರ ಆತಂಕದಲ್ಲಿತ್ತು. ಡಿಸೆಂಬರ್ 6ರಂದು ಕರಾವಳಿಯ ಬಳಿ ಭಾರತೀಯ ಕ್ಷಿಪಣಿ ದೋಣಿ ಕಂಡಿತೆಂಬ ತಪ್ಪು ವರದಿಯನ್ನು ನಂಬಿ ಪಾಕಿಸ್ತಾನದ ಯುದ್ಧವಿಮಾನಗಳು ಗುಂಡಿನ ದಾಳಿ ಮಾಡಿದವು. ದಾಳಿಗೊಳಗಾದದ್ದು ಅವರದೇ ಯುದ್ಧನೌಕೆ ಪಿಎನ್‌ಎಸ್ ಜುಲ್ಫಿಕರ್. ನೌಕೆ ಮುಳುಗಲಿಲ್ಲವಾದರೂ ಅದರಲ್ಲಿ ಸಾವುನೋವುಗಳಾದವು.

ಎರಡನೆಯ ಮಹಾಯುದ್ಧದಲ್ಲಿ ಇದಕ್ಕಿಂತ ದೊಡ್ಡ ದುರಂತಗಳು ಸಂಭವಿಸಿದ್ದವು. 1944ರ ಏಪ್ರಿಲ್ 29ರಂದು ಪೆಸಿಫಿಕ್ ಸಾಗರದ ನ್ಯೂ ಬ್ರಿಟನ್ ದ್ವೀಪದ ಬಳಿ ಅಮೆರಿಕದ ಪಿಟಿ-347 ಎಂಬ ಗಸ್ತು ದೋಣಿಯು ಹವಳದ ದಿಬ್ಬಕ್ಕೆ ಸಿಲುಕಿಕೊಂಡಿತು. ಅದಕ್ಕೆ ನೆರವಾಗುತ್ತಿದ್ದ ಪಿಟಿ-350 ಮತ್ತು ಬಳಿಕ ಬಂದ ಪಿಟಿ-346 ಸೇರಿ ಮೂರೂ ದೋಣಿಗಳ ಮೇಲೆ ಅಮೆರಿಕದ್ದೇ ವಿಮಾನಗಳು ದಾಳಿ ಮಾಡಿದವು. ಪಿಟಿ-346 ಮತ್ತು ಪಿಟಿ-347 ನಾಶವಾದವು; ಪಿಟಿ-350 ಹಾನಿಗೊಂಡು ಪಾರಾಯಿತು. ಅದೇ ವರ್ಷದ ಆಗಸ್ಟ್ 27ರಂದು ಫ್ರಾನ್ಸಿನ ಲ ಹಾವ್ರ್ ಬಳಿ ಬ್ರಿಟಿಷ್ ವಿಮಾನಗಳು ತಮ್ಮದೇ ಸ್ಫೋಟಕ-ಶೋಧಕ ನೌಕೆಗಳ ಮೇಲೆ ಎರಗಿದವು. ಎಚ್‌ಎಂಎಸ್ ಬ್ರಿಟೋಮಾರ್ಟ್ ಮತ್ತು ಎಚ್‌ಎಂಎಸ್ ಹಸ್ಸಾರ್ ಮುಳುಗಿ ನೂರಕ್ಕೂ ಹೆಚ್ಚು ನಾವಿಕರು ಮಡಿದರು. ನೌಕೆಗಳ ಕಾರ್ಯಕ್ಷೇತ್ರ ಬದಲಾದ ಸುದ್ದಿಯು ತಲುಪಬೇಕಾದ ಕಚೇರಿಯನ್ನು ತಲುಪಿರಲಿಲ್ಲ.

ಈ ಘಟನೆಗಳ ನಂತರದ ದಶಕಗಳಲ್ಲಿ ಮೂರೂ ಪಡೆಗಳ ಜಂಟಿ ಯೋಜನೆ, ವಿಮಾನ ಮತ್ತು ನೌಕೆಗಳ ನಡುವೆ ನೇರ ರೇಡಿಯೊ ಸಂಪರ್ಕ, ಹಾಗೂ ‘ಮಿತ್ರನೋ ಶತ್ರುವೋ’ ಎಂದು ರೇಡಿಯೊ ಸಂಕೇತದ ಮೂಲಕ ಕೇಳಿ ಉತ್ತರ ಪಡೆಯುವ ಉಪಕರಣಗಳು ಪ್ರಪಂಚದ ಸೇನೆಗಳಲ್ಲಿ ಹೆಚ್ಚಿನ ಮಹತ್ವ ಪಡೆದಿವೆ. ಆದರೂ ಸ್ವಪಕ್ಷೀಯ ದಾಳಿಗಳು ಸಂಪೂರ್ಣವಾಗಿ ನಿಂತಿಲ್ಲ.

ಪ್ರಶಸ್ತಿಗಳು

ಈ ಕಾರ್ಯಾಚರಣೆಗಾಗಿ ಕಮಾಂಡರ್ ಸಾಮಂತ್, ಲೆಫ್ಟಿನೆಂಟ್ ಕಮಾಂಡರ್ ನೊರೊನ್ಹಾ ಮತ್ತು ಲೀಡಿಂಗ್ ಸೀಮನ್ ಚಿಮನ್ ಸಿಂಗ್ ಮೂವರಿಗೂ ಮಹಾವೀರ ಚಕ್ರವನ್ನು ನೀಡಲಾಯಿತು. ಯುದ್ಧಕಾಲದ ಶೌರ್ಯಕ್ಕೆ ನೀಡುವ ಪ್ರಶಸ್ತಿಗಳಲ್ಲಿ ಇದು ಪರಮವೀರ ಚಕ್ರದ ನಂತರದ ಸ್ಥಾನದಲ್ಲಿದೆ. ಸಾಮಂತ್ 2019ರಲ್ಲಿ ಮುಂಬಯಿಯಲ್ಲಿ ನಿಧನರಾದರು.

ನಂತರದ ಬೆಳವಣಿಗೆ ಮತ್ತು ಸ್ಮರಣೆ

ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಪೂರ್ವ ವಲಯದ ಸೇನೆ ಶರಣಾಯಿತು. ಖುಲ್ನಾದಲ್ಲಿದ್ದ ಪಡೆಗಳು ಮರುದಿನ ಶಸ್ತ್ರ ಕೆಳಗಿಟ್ಟವು. ಪದ್ಮಾ ಮತ್ತು ಪಲಾಶ್ ನಾಶವಾಗಿ ಆಗ ಒಂದು ವಾರವಷ್ಟೇ ಕಳೆದಿತ್ತು.

ಭಾರತದಲ್ಲಿ ಕರಾಚಿಯ ಮೇಲಿನ ದಾಳಿಯ ನೆನಪಿಗಾಗಿ ಪ್ರತಿವರ್ಷ ಡಿಸೆಂಬರ್ 4ನ್ನು ನೌಕಾದಿನವಾಗಿ ಆಚರಿಸಲಾಗುತ್ತದೆ. ಖುಲ್ನಾದ ಘಟನೆಗೆ ಅಷ್ಟು ಪ್ರಸಿದ್ಧಿ ದೊರೆತಿಲ್ಲ. ಬಾಂಗ್ಲಾದೇಶದಲ್ಲಿ ಡಿಸೆಂಬರ್ 10 ರೂಹುಲ್ ಅಮೀನ್ ಅವರ ಹುತಾತ್ಮ ದಿನವಾಗಿದೆ. ಅಲ್ಲಿನ ನೌಕಾಪಡೆಯು ತನ್ನ ನೌಕೆಯೊಂದಕ್ಕೆ ಅವರ ಹೆಸರನ್ನಿಟ್ಟಿದೆ. 2013ರಲ್ಲಿ ಆ ದೇಶದ ನೌಕಾಪಡೆಯನ್ನು ಸೇರಿದ ಹೊಸ ಗಸ್ತು ನೌಕೆಗೂ ‘ಪದ್ಮಾ’ ಎಂಬ ಹೆಸರೇ ಇದೆ. ಅದು ನಿರ್ಮಾಣವಾದದ್ದು ಖುಲ್ನಾ ಹಡಗುಕಟ್ಟೆಯಲ್ಲಿ. ಹಳೆಯ ಪದ್ಮಾ ದಾಳಿಗೆ ಗುರಿಯಾದದ್ದು ಅದೇ ಹಡಗುಕಟ್ಟೆಯ ಸಮೀಪದ ನದಿಯಲ್ಲಿ.